ಒಂದೊಂದು ಕಲ್ಲಿಗೂ ಒಂದು ನಂಬರು: ಮತ್ತೆ ಕಟ್ಟುತ್ತಿರುವ ಕುಮಾಮೊತೊ ಕೋಟೆಗೆ ಹೋಗುವವರಿಗೆ

ಜಪಾನಿಗೆ ಪ್ರವಾಸ ಹೊರಟವರ ಪಟ್ಟಿಯಲ್ಲಿ ಕೋಟೆ ಅಂದರೆ ಒಸಾಕಾ, ಇಲ್ಲವೇ ಹಿಮೇಜಿ. ಟೋಕಿಯೊ, ಕ್ಯೋಟೊ, ಒಸಾಕಾ ಸುತ್ತಿ, ಹಿರೋಶಿಮಾ ನೋಡಿಕೊಂಡು ವಾಪಸಾಗುವುದು ವಾಡಿಕೆ. ಅಲ್ಲಿಂದ ಇನ್ನೂ ಮುಂದಕ್ಕೆ ಕ್ಯೂಶು ದ್ವೀಪಕ್ಕೆ ದಾಟಿ ಕುಮಾಮೊತೊವರೆಗೆ ಹೋಗುವವರು ಕಡಿಮೆ. ಹೋದರೂ ಅಲ್ಲಿನ ಕೋಟೆ ಪೂರ್ತಿ ತೆರೆದಿಲ್ಲ. 2016ರ ಭೂಕಂಪದಲ್ಲಿ ಕುಸಿದದ್ದನ್ನು ಇನ್ನೂ ಎತ್ತಿ ನಿಲ್ಲಿಸುತ್ತಿದ್ದಾರೆ. ಕೆಲಸ ಮುಗಿಯುವುದು 2052ಕ್ಕೆ ಎಂದು ನಗರಾಡಳಿತ ಲೆಕ್ಕ ಹಾಕಿದೆ.

ಹಾಗಾದರೆ ಮುಗಿದ ಮೇಲೆ ಹೋದರಾಯಿತು ಎನ್ನಬೇಡಿ. ಜಪಾನಿನ ಕೋಟೆಯೊಂದು ಹೇಗೆ ನಿಂತಿದೆ, ಯಾಕೆ ಬೀಳುತ್ತದೆ, ಬಿದ್ದ ಮೇಲೆ ಅದನ್ನು ಹೇಗೆ ಮೊದಲಿನಂತೆ ಕಟ್ಟುತ್ತಾರೆ ಎನ್ನುವುದೆಲ್ಲ ಕಣ್ಣೆದುರೇ ಕಾಣುವ ಜಾಗ ಇದು. ದುರಸ್ತಿ ಮುಗಿದ ದಿನ ಆ ನೋಟ ಗೋಡೆಯ ಹಿಂದೆ ಮುಚ್ಚಿಹೋಗುತ್ತದೆ. ಫೋಟೋಗಳಲ್ಲಿ ಎದ್ದು ಕಾಣುವ ಕಪ್ಪು–ಬಿಳಿ ಗೋಪುರ 1960ರ ಕಾಂಕ್ರೀಟು ಕಟ್ಟಡ. ನಾಲ್ಕು ಶತಮಾನಗಳ ಹಳೆಯ ಕೋಟೆ ಇರುವುದು ಅದರ ಕೆಳಗಿನ ಕಲ್ಲಿನಲ್ಲಿ. ಆ ಕಲ್ಲನ್ನು ನೋಡಲು ಸಮಯ ಇಟ್ಟುಕೊಂಡು ಹೋಗಿ ಎನ್ನುವುದೇ ಈ ಬರಹದ ಮುಖ್ಯ ಸಲಹೆ.

ಹಸಿವು ಕಂಡವನು ಕಟ್ಟಿದ ಕೋಟೆ

ಈ ಕೋಟೆ ಕಟ್ಟಿಸಿದ ಕತೊ ಕಿಯೊಮಾಸ, ಹದಿನಾರನೇ ಶತಮಾನದ ಕೊನೆಯಲ್ಲಿ ಜಪಾನನ್ನು ಆಳಿದ ತೊಯೊತೊಮಿ ಹಿದೆಯೊಶಿಯ ನೆಚ್ಚಿನ ಸೇನಾನಿ. 1588ರಲ್ಲಿ ಹಿಗೊ ಪ್ರಾಂತದ ಅರ್ಧ ಭಾಗ, ಅಂದರೆ ಇಂದಿನ ಕುಮಾಮೊತೊ ಸೀಮೆಯ ಉತ್ತರದ ಪಾಲು, ಅವನಿಗೆ ದಕ್ಕಿತು. ಹಿದೆಯೊಶಿ ಕೊರಿಯಾದ ಮೇಲೆ ದಂಡೆತ್ತಿ ಹೋದಾಗ ಕಿಯೊಮಾಸನೂ ಹೋದ. 1597ರ ಕೊನೆಯ ಚಳಿಗಾಲದಲ್ಲಿ ಉಲ್ಸಾನ್‌ನಲ್ಲಿ ಇನ್ನೂ ಕಟ್ಟಿ ಮುಗಿಯದ ಕೋಟೆಯೊಳಗೆ ಅವನ ಪಡೆ ಸಿಕ್ಕಿಬಿತ್ತು. ಹೊರಗೆ ಚೀನಾದ ಮಿಂಗ್ ಸೇನೆ ಮತ್ತು ಕೊರಿಯಾದ ಸೇನೆ ಮುತ್ತಿಗೆ ಹಾಕಿದ್ದವು. ಒಳಗೆ ಕುಡಿಯಲು ನೀರಿಲ್ಲ, ತಿನ್ನಲು ಕಾಳಿಲ್ಲ. ಕುದುರೆ ಕಡಿದು ತಿಂದರು, ಕೆಸರು ನೀರು ಕುಡಿದರು. ಹೇಗೋ ಬದುಕಿ ಊರಿಗೆ ಮರಳಿದ ಕಿಯೊಮಾಸ ಚಾವುಸುಯಾಮ ಎಂಬ ಗುಡ್ಡದ ಮೇಲೆ ಹೊಸ ಕೋಟೆಗೆ ಕೈ ಹಾಕಿದ. 1607ರಲ್ಲಿ ಅದು ಮುಗಿಯಿತು.

ಸುತ್ತಳತೆ ಸುಮಾರು 5.3 ಕಿಲೋಮೀಟರು. 49 ಬುರುಜು, 29 ಬಾಗಿಲು. ಇವೆಲ್ಲ ಬೇರೆ ದೊಡ್ಡ ಕೋಟೆಗಳಲ್ಲೂ ಇದ್ದಾವು. ಇಲ್ಲಿನ ವಿಶೇಷ ಬಾವಿಗಳದ್ದು. ಒಂದೇ ಕೋಟೆಯೊಳಗೆ ಸುಮಾರು 120 ಬಾವಿ ತೋಡಿಸಿದ್ದ. ಕೋಣೆಗಳಲ್ಲಿ ಹಾಸುವ ತತಾಮಿ ಚಾಪೆಯೊಳಗೆ ಹುಲ್ಲಿನ ಬದಲು ಒಣಗಿಸಿದ ಕೆಸುವಿನ ದಂಟು ತುಂಬಿಸಿದ್ದನೆಂದೂ, ಗೋಡೆಯ ಗಾರೆಯೊಳಗೆ ಒಣಗಿಸಿದ ಸೋರೆಕಾಯಿಯ ಎಳೆ ಸೇರಿಸಿದ್ದನೆಂದೂ ಅಲ್ಲಿಯವರು ಹೇಳುತ್ತಾರೆ. ಮುತ್ತಿಗೆ ಬಿದ್ದರೆ ಚಾಪೆ ಬಿಚ್ಚಿ ಬೇಯಿಸಿಕೊಂಡು ತಿನ್ನಬಹುದಲ್ಲ! ಗೋಪುರದ ಮುಂದೆ ಇಂದಿಗೂ ಇರುವ ಗಿಂಕೊ ಮರವನ್ನು ಅವನೇ ನೆಡಿಸಿದ್ದೆಂದು ಪ್ರತೀತಿ. ಅದರ ಬೀಜವೂ ತಿನ್ನಲು ಬರುತ್ತದೆ.

ಇನ್ನು ಗೋಡೆ. ಸುತ್ತಲಿನ ಕಿಂಪೊ ಬೆಟ್ಟದ ಸಾಲಿನಿಂದ ತಂದ ಜ್ವಾಲಾಮುಖಿ ಶಿಲೆಯನ್ನು ಗಾರೆ, ಸುಣ್ಣ ಯಾವುದೂ ಇಲ್ಲದೆ ಒಂದರ ಮೇಲೊಂದು ಪೇರಿಸಿದ್ದಾರೆ. ಬುಡದಲ್ಲಿ ಗೋಡೆ ಹಿಂದಕ್ಕೆ ಒರಗಿದಂತಿದೆ. ನಾಲ್ಕು ಹೆಜ್ಜೆ ಹತ್ತಿಬಿಡಬಹುದು ಅನ್ನಿಸುತ್ತದೆ. ಮೇಲೆ ಹೋದ ಹಾಗೆ ಅದು ಬಾಗುತ್ತ ಬಾಗುತ್ತ ನೆಟ್ಟಗಾಗಿ, ತುದಿಯಲ್ಲಿ ಕೈಗೆ ಹಿಡಿತವೇ ಸಿಗದ ಹಾಗೆ ನಿಂತುಬಿಡುತ್ತದೆ. ಹತ್ತಲು ಬಂದ ಸಮುರಾಯಿ ಅಲ್ಲಿಂದ ಕೆಳಗಿಳಿಯಲೇಬೇಕು. ಆ ಬಾಗಿಗೆ ಜಪಾನಿಗರು ಇಟ್ಟ ಹೆಸರು ಮುಶಾ–ಗಾಯೆಶಿ, ಯೋಧನನ್ನು ಹಿಂದಕ್ಕೆ ಕಳಿಸುವಂಥದ್ದು. ಚಂದಕ್ಕಷ್ಟೇ ಕೊಟ್ಟ ತಿರುವಲ್ಲ ಅದು. ಎತ್ತರದ ಗೋಡೆಯ ಬುಡ ಅಗಲವಾಗಿದ್ದರೆ ಹಿಂದಿನ ಮಣ್ಣಿನ ಒತ್ತಡವನ್ನೂ ತಡೆದುಕೊಳ್ಳುತ್ತದೆ.

ಕಿಯೊಮಾಸ 1611ರಲ್ಲಿ ತೀರಿಕೊಂಡ. 1632ರಲ್ಲಿ ತೊಕುಗಾವ ಶೋಗನ್ ಕತೊ ಮನೆತನದಿಂದ ಸೀಮೆಯನ್ನು ಕಿತ್ತುಕೊಂಡು ಹೊಸೊಕಾವ ಮನೆತನಕ್ಕೆ ಕೊಟ್ಟ. ಅವರು ಎರಡು ಶತಮಾನಕ್ಕೂ ಹೆಚ್ಚು ಕಾಲ ಇಲ್ಲಿಂದ ಆಳಿದರು. ಕತ್ತಿವರಸೆಯ ದಂತಕಥೆಯಾದ ಮಿಯಾಮೊತೊ ಮುಸಾಶಿ ಕೊನೆಯ ವರ್ಷಗಳನ್ನು ಕಳೆದು 1645ರಲ್ಲಿ ತೀರಿಕೊಂಡದ್ದೂ ಈ ಊರಲ್ಲೇ, ಹೊಸೊಕಾವ ದೊರೆಯ ಅತಿಥಿಯಾಗಿ.

ಆದರೆ ಕಿಯೊಮಾಸ ಯಾವ ಮುತ್ತಿಗೆಗೆಂದು ಕೋಟೆ ಕಟ್ಟಿದ್ದನೋ ಅದು ಬಂದದ್ದು ಅವನು ಹೋಗಿ 266 ವರ್ಷವಾದ ಮೇಲೆ, 1877ರಲ್ಲಿ. ದೊರೆಗಳ ಕಾಲ ಮುಗಿದು ಹೊಸ ಮೇಜಿ ಸರ್ಕಾರ ಬಂದಿತ್ತು, ಕೋಟೆ ಸೈನ್ಯದ ಠಾಣೆಯಾಗಿತ್ತು. ಸರ್ಕಾರದ ವಿರುದ್ಧ ತಿರುಗಿಬಿದ್ದ ಸತ್ಸುಮಾ ಸಮುರಾಯಿಗಳು ಸೈಗೊ ತಕಾಮೊರಿಯ ನೇತೃತ್ವದಲ್ಲಿ ದಕ್ಷಿಣದಿಂದ ಬಂದರು. ಫೆಬ್ರವರಿ 19ರಂದು, ದಾಳಿಗೆ ಮೂರು ದಿನ ಮೊದಲು, ಮುಖ್ಯ ಗೋಪುರಕ್ಕೂ ಅರಮನೆಗೂ ಬೆಂಕಿ ಬಿದ್ದು ಎಲ್ಲ ಸುಟ್ಟುಹೋಯಿತು. ಕಾರಣದ ಬಗ್ಗೆ ಚರ್ಚೆ ಇವತ್ತಿಗೂ ನಿಂತಿಲ್ಲ. ಒಳಗಿದ್ದ ಸೇನಾಧಿಕಾರಿ ತಾನಿ ತತೆಕಿಯ ಬಳಿ ಸುಮಾರು 3,500 ಸೈನಿಕರು. ಅದೂ ಹೆಚ್ಚಿನವರು ಕಡ್ಡಾಯ ಭರ್ತಿಯಲ್ಲಿ ಸೇರಿದ ರೈತರ ಮಕ್ಕಳು. ಹೊರಗೆ ಅವರ ಮೂರು ಪಟ್ಟಿಗೂ ಹೆಚ್ಚು ಪಳಗಿದ ಸಮುರಾಯಿಗಳು. ಐವತ್ತಕ್ಕೂ ಹೆಚ್ಚು ದಿನ ಮುತ್ತಿಗೆ ನಡೆದರೂ ಒಬ್ಬನೇ ಒಬ್ಬ ಸಮುರಾಯಿಗೂ ಗೋಡೆ ಹತ್ತಿ ಒಳಗೆ ಬರಲಾಗಲಿಲ್ಲ. ತಾನು ಸೋತದ್ದು ಸರ್ಕಾರಕ್ಕಲ್ಲ, ಕಿಯೊಮಾಸನಿಗೆ ಎಂದು ಸೈಗೊ ನೊಂದುಕೊಂಡನಂತೆ. ಗೋಪುರವಿಲ್ಲದ ಕೋಟೆ ಬರೀ ಗೋಡೆಯ ಬಲದಿಂದಲೇ ಉಳಿಯಿತು.

ಗೋಪುರ ಮರಳಿ ಬಂದದ್ದು

ಮುಖ್ಯ ಗೋಪುರದ ಜಾಗ ಮುಂದೆ ಎಂಬತ್ತಕ್ಕೂ ಹೆಚ್ಚು ವರ್ಷ ಬೋಳಾಗಿತ್ತು. ಎರಡನೇ ಮಹಾಯುದ್ಧದ ನಂತರ ಜಪಾನಿನ ಊರೂರಲ್ಲಿ ಕಳೆದುಹೋದ ಕೋಟೆಗಳನ್ನು ಮತ್ತೆ ಎಬ್ಬಿಸುವ ಹುಮ್ಮಸ್ಸು ಬಂತು. ಬೆಂಕಿಗೆ ಅಂಜಿ ಬಹುಪಾಲು ಕಡೆ ಕಾಂಕ್ರೀಟನ್ನೇ ಆರಿಸಿಕೊಂಡರು. ಕುಮಾಮೊತೊದ ಗೋಪುರಗಳು 1960ರಲ್ಲಿ ಎದ್ದವು. ದೊಡ್ಡದು ನೆಲದ ಮೇಲೆ ಆರು ಅಂತಸ್ತು, ಸುಮಾರು 30 ಮೀಟರು, ಪಕ್ಕದಲ್ಲಿ ಸಣ್ಣದೊಂದು. ಇಲ್ಲಿಯವರ ಅದೃಷ್ಟ, ಛಾಯಾಗ್ರಾಹಕ ತೊಮಿಶಿಗೆ ರಿಹೇ ಬೆಂಕಿ ಬೀಳುವ ಕೆಲವೇ ವರ್ಷ ಮೊದಲು ಕೋಟೆಯ ಫೋಟೋ ತೆಗೆದಿದ್ದ. ಆ ಚಿತ್ರಗಳನ್ನೂ ಹಳೆಯ ದಾಖಲೆಗಳನ್ನೂ ಇಟ್ಟುಕೊಂಡು ವಾಸ್ತುತಜ್ಞ ಫುಜಿಯೊಕ ಮಿಚಿಯೊ ವಿನ್ಯಾಸ ಮಾಡಿದರು. ಹಾಗಾಗಿ ಹೊರಗಿನ ರೂಪ ಹಳೆಯದಕ್ಕೆ ಬಹಳ ಹತ್ತಿರವಾಗಿದೆ. ಆಮೇಲೆ ಬಂದವರು ಇನ್ನೂ ಕಟ್ಟುನಿಟ್ಟು. 2005ರಲ್ಲಿ ಮುಗಿದ ಇಯಿದಾಮಾರು ಬುರುಜು, 2008ರಲ್ಲಿ ತೆರೆದ ಅರಮನೆ ಇವನ್ನೆಲ್ಲ ಹಳೆಯ ಕ್ರಮದಲ್ಲಿ ಮರದಲ್ಲೇ ಕಟ್ಟಿದರು.

ಕಾಂಕ್ರೀಟು ಗೋಪುರ ನಕಲಿ, ನೋಡುವುದೇನಿದೆ ಎಂದು ಮೂಗು ಮುರಿಯುವವರನ್ನು ನಾನು ಒಪ್ಪುವುದಿಲ್ಲ. ಯುದ್ಧದಲ್ಲಿ ಜರ್ಜರಿತವಾದ ಊರೊಂದು ಹದಿನೈದೇ ವರ್ಷದಲ್ಲಿ ಹಣ ಕೂಡಿಸಿ ತನ್ನ ಗುರುತನ್ನು ತಾನೇ ಮತ್ತೆ ಎತ್ತಿ ನಿಲ್ಲಿಸಿಕೊಂಡದ್ದು ಅದು. ಅದಕ್ಕೂ ಈಗ ಆರು ದಶಕಗಳ ಚರಿತ್ರೆಯಿದೆ.

2016ರ ಏಪ್ರಿಲ್

ಏಪ್ರಿಲ್ 14ರ ರಾತ್ರಿ ಮೊದಲ ಭೂಕಂಪ. ಜನ ಅದೇ ದೊಡ್ಡದೆಂದುಕೊಂಡರು. ಇಪ್ಪತ್ತೆಂಟು ಗಂಟೆಯ ನಂತರ, 16ರ ನಸುಕಿನ 1.25ಕ್ಕೆ, 7.3 ತೀವ್ರತೆಯ ಇನ್ನೊಂದು ಬಂತು. ಗೋಪುರದ ಹೆಂಚುಗಳು ಸುರಿದವು. ಚಾವಣಿಯ ತುದಿಯ ಶಾಚಿಹೊಕೊ ಮೀನುಗಳು ಉರುಳಿದವು. ರಾಷ್ಟ್ರದ ಮಹತ್ವದ ಸ್ವತ್ತೆಂದು ಗುರುತಿಸಿದ್ದ 13 ಹಳೆಯ ಕಟ್ಟಡಗಳಲ್ಲಿ ಒಂದೂ ಪೆಟ್ಟಿಲ್ಲದೆ ಉಳಿಯಲಿಲ್ಲ. ಒಂದು ಬುರುಜಂತೂ ಗೋಡೆಸಮೇತ ಕೆಳಗಿನ ಶಿಂಟೊ ಗುಡಿಯ ಮೇಲೆ ಹೋಗಿ ಬಿತ್ತು. ಕಲ್ಲಿನ ಗೋಡೆಗಳ ಹತ್ತನೇ ಒಂದು ಭಾಗ ಕುಸಿಯಿತು. ಉಬ್ಬಿದ್ದು, ಸಡಿಲವಾದದ್ದು ಎಲ್ಲ ಸೇರಿಸಿದರೆ ಮೂರನೇ ಒಂದರಷ್ಟು ಗೋಡೆಯನ್ನು ಬಿಚ್ಚಿ ಕಟ್ಟಬೇಕಾಯಿತು.

ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದ ಒಂದು ಚಿತ್ರ ಹಲವರಿಗೆ ನೆನಪಿರಬಹುದು. ಇಯಿದಾಮಾರು ಬುರುಜಿನ ಅಡಿಯ ಗೋಡೆ ಎರಡೂ ಕಡೆ ಜರಿದುಹೋಗಿ, ಮೂಲೆಗಲ್ಲುಗಳ ಒಂದೇ ಒಂದು ಸಾಲು ಕಂಬದಂತೆ ಉಳಿದು ಕಟ್ಟಡವನ್ನು ಹೊತ್ತು ನಿಂತಿತ್ತು. ಮೂಲೆಯಲ್ಲಿ ಉದ್ದನೆಯ ಕಲ್ಲುಗಳನ್ನು ಒಂದು ವರಸೆ ಎಡಕ್ಕೆ, ಮುಂದಿನ ವರಸೆ ಬಲಕ್ಕೆ ಉದ್ದ ಬರುವ ಹಾಗೆ ಹೆಣೆದಿರುತ್ತಾರೆ. ಆ ಹೆಣಿಗೆ ಬಿಡಲಿಲ್ಲ. ಅದು ಬೀಳುವುದರೊಳಗೆ ದೊಡ್ಡ ಉಕ್ಕಿನ ಚೌಕಟ್ಟು ತಂದು ಬುರುಜನ್ನು ತಬ್ಬಿ ಹಿಡಿಸಿದರು. ಆಮೇಲೆ ನಿಧಾನಕ್ಕೆ ಬಿಚ್ಚಿದರು.

ಗೋಡೆ ಯಾಕೆ ಬೀಳುತ್ತದೆ ಎನ್ನುವುದನ್ನು ಒಮ್ಮೆ ಅರ್ಥ ಮಾಡಿಕೊಂಡು ಹೋದರೆ ಕೋಟೆ ಬೇರೆಯೇ ರೀತಿ ಕಾಣುತ್ತದೆ. ನಮಗೆ ಕಾಣುವ ದೊಡ್ಡ ಕಲ್ಲು ಹೊರಮೈ ಮಾತ್ರ. ಅದರ ಹಿಂದೆ ಮುಷ್ಟಿ ಗಾತ್ರದ, ತಲೆ ಗಾತ್ರದ ಚೂರುಗಲ್ಲುಗಳ ದಪ್ಪ ಪದರವಿದೆ. ಅದರ ಹಿಂದೆ ಗುಡ್ಡದ ಮಣ್ಣು. ಮಳೆ ನೀರು ಚೂರುಗಲ್ಲಿನ ಮೂಲಕ ಇಳಿದುಹೋಗುವುದರಿಂದ ಮಣ್ಣು ನೆನೆದು ಗೋಡೆಯನ್ನು ದೂಡುವುದಿಲ್ಲ. ಆದರೆ ಭೂಮಿ ಜೋರಾಗಿ ಅಲುಗಿದಾಗ ಅದೇ ಚೂರುಗಲ್ಲು ಕೆಳಕ್ಕೆ ಜಗ್ಗಿ ಹೊರಗಲ್ಲನ್ನು ಮುಂದಕ್ಕೆ ತಳ್ಳುತ್ತದೆ. ಹೊಟ್ಟೆ ಬಂದ ಹಾಗೆ ಗೋಡೆ ಉಬ್ಬುತ್ತದೆ, ಕೊನೆಗೆ ಒಡೆದುಕೊಳ್ಳುತ್ತದೆ. 1889ರಲ್ಲೂ ಇಲ್ಲಿ ಭೂಕಂಪವಾಗಿ ಗೋಡೆಗಳು ಬಿದ್ದಿದ್ದವು. ಆಗ ಸೈನ್ಯ ಅವುಗಳನ್ನು ಮತ್ತೆ ಕಟ್ಟಿತ್ತು. ಎರಡೂ ಸಲದ ದಾಖಲೆ ಹೋಲಿಸಿ ನೋಡಿದಾಗ 2016ರಲ್ಲಿ ಬಿದ್ದ ಜಾಗಗಳಲ್ಲಿ ಬಹುಪಾಲು ಆಗಲೂ ಬಿದ್ದವೇ ಎಂದು ತಿಳಿಯಿತು.

ಈಗಿನ ದುರಸ್ತಿಯ ಕ್ರಮ ಹೀಗಿದೆ. ಬಿದ್ದ ಒಂದೊಂದು ಕಲ್ಲಿಗೂ ನಂಬರು ಕೊಟ್ಟು, ಫೋಟೋ ತೆಗೆದು, ಅಳೆದು, ಬಯಲಿನಲ್ಲಿ ಸಾಲಾಗಿ ಇಟ್ಟಿದ್ದಾರೆ. ಭೂಕಂಪಕ್ಕೆ ಮುಂಚಿನ ಫೋಟೋಗಳ ಜೊತೆ ಕಲ್ಲಿನ ಮುಖವನ್ನು ಕಂಪ್ಯೂಟರಿನಲ್ಲಿ ತಾಳೆ ನೋಡಿ, ಇದು ಯಾವ ಗೋಡೆಯ ಎಷ್ಟನೇ ವರಸೆಯ ಎಷ್ಟನೇ ಕಲ್ಲು ಎಂದು ಪತ್ತೆ ಹಚ್ಚುತ್ತಾರೆ. ಆಮೇಲೆ ಕಲ್ಲುಕುಟಿಗರು ಅದನ್ನು ಅದರ ಜಾಗದಲ್ಲೇ ಕೂರಿಸುತ್ತಾರೆ. ಒಡೆದು ಹಾಳಾಗಿದ್ದರೆ ಮಾತ್ರ ಹೊಸ ಕಲ್ಲು. ಹೀಗೆ ಎತ್ತಿ ಕೂರಿಸಬೇಕಾದ ಕಲ್ಲುಗಳು 70 ಸಾವಿರದಿಂದ ಒಂದು ಲಕ್ಷ! ಭೂಕಂಪದ ನಂತರ ಮಾಡಿದ ಅಂದಾಜಿನಲ್ಲಿ ಒಟ್ಟು ನಷ್ಟ 63.4 ಬಿಲಿಯನ್ ಯೆನ್. ಅದರಲ್ಲಿ 42.5 ಬಿಲಿಯನ್ ಬರೀ ಗೋಡೆಗಳದ್ದು. ಮೊದಲು 2037ಕ್ಕೆ ಮುಗಿಸುವ ಗುರಿಯಿತ್ತು. ಕಲ್ಲಿನ ಕೆಲಸ ಅವಸರಕ್ಕೆ ಬಗ್ಗುವಂಥದ್ದಲ್ಲ ಎಂದು ಗೊತ್ತಾಗಿ ಹದಿನೈದು ವರ್ಷ ಮುಂದೆ ಹಾಕಿದರು. ಈ ಗಡುವು ಬದಲಾವಣೆಯನ್ನು ನಾನು ಸೋಲೆಂದು ಎಣಿಸುವುದಿಲ್ಲ. ಬೇಗ ಮುಗಿಸಬೇಕೆಂದಿದ್ದರೆ ಸಿಕ್ಕ ಕಲ್ಲನ್ನು ಸಿಕ್ಕಲ್ಲಿ ಪೇರಿಸಿ ಸಿಮೆಂಟು ಬಳಿಯಬಹುದಿತ್ತು. ಅವರು ಹಾಗೆ ಮಾಡಲಿಲ್ಲ.

ಹೋದಾಗ ಎಲ್ಲಿಂದ ಶುರು ಮಾಡಬೇಕು

ಗೋಪುರದ ಒಳಗೆ ಜನರನ್ನು ಬಿಟ್ಟದ್ದು 2021ರ ಜೂನ್ 28ರಿಂದ. ಹೆಚ್ಚಿನವರು ಟಿಕೆಟ್ ಕೊಂಡು ಸೀದಾ ಅಲ್ಲಿಗೇ ಓಡುತ್ತಾರೆ, ಮೇಲೆ ಹತ್ತಿ ಫೋಟೋ ತೆಗೆದು ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ನೀವು ಅರ್ಧ ದಿನ ಇಟ್ಟುಕೊಳ್ಳಿ.

ರೈಲು ನಿಲ್ದಾಣದ ಮುಂದೆಯೇ ಟ್ರಾಮ್ ಸಿಗುತ್ತದೆ. ‘ಕುಮಾಮೊತೊ ಕೋಟೆ–ಸಿಟಿ ಹಾಲ್ ಮುಂದೆ’ ಎಂಬ ಸ್ಟಾಪಿಗೆ ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು. ಇಳಿದ ಕೂಡಲೇ ಕೋಟೆಗೆ ಹೋಗದೆ ಎದುರಿನ ಸಿಟಿ ಹಾಲ್‌ನ 14ನೇ ಅಂತಸ್ತಿಗೆ ಲಿಫ್ಟಿನಲ್ಲಿ ಹೋಗಿ. ದುಡ್ಡು ಕೊಡಬೇಕಿಲ್ಲ. ಕೋಟೆಯ ಇಡೀ ವಿನ್ಯಾಸ, ಎಲ್ಲೆಲ್ಲಿ ಸಾರುವೆ ಕಟ್ಟಿದ್ದಾರೆ ಎನ್ನುವುದೆಲ್ಲ ಅಲ್ಲಿಂದ ನಕ್ಷೆ ಹಿಡಿದಂತೆ ಕಾಣುತ್ತದೆ. ಕೆಳಗಿಳಿದು ತ್ಸುಬೊಯಿ ನದಿಯ ದಡದಲ್ಲಿ ನಡೆಯಿರಿ. ಆಚೆ ದಡದಲ್ಲಿ 242 ಮೀಟರ್ ಉದ್ದದ ‘ನಾಗಾಬೇ’ ಗೋಡೆ, ಮೇಲರ್ಧ ಬಿಳಿ ಗಾರೆ, ಕೆಳಗೆ ಕಪ್ಪು ಹಲಗೆ. 2016ರಲ್ಲಿ ಇದರ 80 ಮೀಟರಿನಷ್ಟು ಮಗುಚಿಬಿದ್ದಿತ್ತು. 2021ರ ಜನವರಿಗೆ ಸರಿಯಾಯಿತು. ಹಳೆಯ ಸ್ವತ್ತಿನ ಪಟ್ಟಿಯಲ್ಲಿರುವ ಕಟ್ಟಡಗಳ ಪೈಕಿ ಮೊದಲು ದುರಸ್ತಿ ಕಂಡದ್ದು ಇದೇ.

ಆಮೇಲೆ ದಕ್ಷಿಣದ ಬಾಗಿಲಿನಿಂದ ಒಳಗೆ ಹೋಗಿ. ಹೈಸ್ಕೂಲು ಮತ್ತು ಮೇಲ್ಪಟ್ಟವರಿಗೆ 800 ಯೆನ್, ಚಿಕ್ಕ ತರಗತಿಯ ಮಕ್ಕಳಿಗೆ 300. ಬೆಳಿಗ್ಗೆ 9ಕ್ಕೆ ತೆರೆದು ಸಂಜೆ 5ಕ್ಕೆ ಮುಚ್ಚುತ್ತದೆ. ಕೊನೆಯ ಪ್ರವೇಶ ಅರ್ಧ ಗಂಟೆ ಮೊದಲು. ದಕ್ಷಿಣದ ಬಾಗಿಲೇ ಯಾಕೆ ಅಂದರೆ, ಅಲ್ಲಿಂದ ಸುಮಾರು 350 ಮೀಟರ್ ಉದ್ದದ ಎತ್ತರದ ಕಾಲುಹಾದಿ ಶುರುವಾಗುತ್ತದೆ. ದುರಸ್ತಿ ಕೆಲಸ ನಡೆಯುತ್ತಿರುವ ಜಾಗಗಳ ಮೇಲೆ, ನೆಲದಿಂದ ಆರು ಮೀಟರ್ ಎತ್ತರದಲ್ಲಿ, ಜನ ನಡೆದುಕೊಂಡು ಹೋಗಲೆಂದೇ 2020ರಲ್ಲಿ ಇದನ್ನು ಕಟ್ಟಿದರು. ಕೆಲಸಕ್ಕೆ ತೊಂದರೆಯಿಲ್ಲ, ನೋಡುವವರಿಗೂ ಅಪಾಯವಿಲ್ಲ. ಮುಂಚೆ ಯಾರಿಗೂ ಸಿಗದಿದ್ದ ಎತ್ತರದಿಂದ ಗೋಡೆಗಳನ್ನು ಹತ್ತಿರದಿಂದ ನೋಡಬಹುದು. ಇಡೀ ಭೇಟಿಯಲ್ಲಿ ನಿಧಾನ ಮಾಡಬೇಕಾದ ಜಾಗ ಇದು.

ಹಾದಿ ಮುಗಿಯುವ ಮುನ್ನ ಎರಡು ಗೋಡೆಗಳು ಒಂದರ ಮೇಲೊಂದು ಒತ್ತಿಕೊಂಡು ನಿಂತಿರುವ ಮೂಲೆ ಬರುತ್ತದೆ. ಹಿಂದಿನದು ಹಳೆಯದು. ಅದರ ಇಳಿಜಾರು ಸೌಮ್ಯ, ಮೂಲೆಯಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯ ಗಿಡ್ಡ ಕಲ್ಲುಗಳು. ಮುಂದಿನದು ಆಮೇಲೆ ಸೇರಿಸಿದ್ದು. ಕಡಿದಾಗಿ ಏರುತ್ತದೆ, ಮೂಲೆಗೆ ಉದ್ದುದ್ದ ಕಲ್ಲುಗಳನ್ನು ಅತ್ತ ಇತ್ತ ಹೆಣೆದಿದ್ದಾರೆ. ಕೆಲವೇ ದಶಕಗಳಲ್ಲಿ ಕಲ್ಲುಕುಟಿಗರ ಕೈ ಎಷ್ಟು ಪಳಗಿತು ಎನ್ನುವುದು ಒಂದೇ ನೋಟಕ್ಕೆ ತಿಳಿಯುತ್ತದೆ. ಇಯಿದಾಮಾರು ಬುರುಜನ್ನು ಹಿಡಿದು ನಿಲ್ಲಿಸಿದ್ದು ಇದೇ ಎರಡನೆಯ ಬಗೆಯ ಮೂಲೆ. ಫೋಟೋ ತೆಗೆಯುವವರಿಗೂ ಇದು ಒಳ್ಳೆಯ ಜಾಗ, ಹಿಂದೆ ಗೋಪುರ ಬರುತ್ತದೆ.

ಅಲ್ಲಿಂದ ಅರಮನೆಯ ಅಡಿಯಲ್ಲಿರುವ ಕತ್ತಲ ಹಾದಿ ದಾಟಿದರೆ ಗೋಪುರದ ಅಂಗಳ. ಗೋಪುರದೊಳಗೆ ಒಂದೊಂದು ಅಂತಸ್ತು ಒಂದೊಂದು ಕಾಲಕ್ಕೆ ಮೀಸಲು: ಕತೊ, ಹೊಸೊಕಾವ, 1877ರ ಯುದ್ಧ, ಆಮೇಲೆ ಮರುನಿರ್ಮಾಣ ಮತ್ತು ಭೂಕಂಪ. ಕೊನೆಯಲ್ಲಿ ಊರು ಕಾಣುವ ಆರನೇ ಅಂತಸ್ತು. ಲಿಫ್ಟ್ ಇರುವುದರಿಂದ ಮೊಣಕಾಲು ನೋವಿನವರನ್ನೂ ಗಾಲಿಕುರ್ಚಿಯವರನ್ನೂ ಧೈರ್ಯವಾಗಿ ಕರೆದುಕೊಂಡು ಹೋಗಬಹುದು. ಕಂಬಗಳ ನಡುವೆ ಅಲ್ಲಲ್ಲಿ ಕಾಣುವ ಅಡ್ಡಪಟ್ಟಿಗಳು ಭೂಕಂಪದ ಅಲುಗಾಟ ನುಂಗಿಕೊಳ್ಳಲು ಹೊಸದಾಗಿ ಹಾಕಿದ ಸಾಧನಗಳು. ಅವುಗಳನ್ನು ಮುಚ್ಚಿಡದೆ ಕಾಣುವ ಹಾಗೇ ಬಿಟ್ಟದ್ದು ನನಗೆ ಇಷ್ಟವಾದ ಸಂಗತಿ.

ಹೊರಗೆ ಬರುವಾಗ ಉತ್ತರದ ಬಾಗಿಲು ಹಿಡಿಯಿರಿ. ಉತೊ ಬುರುಜು ಆ ಕಡೆ ಇದೆ. ಕಿಯೊಮಾಸನ ಕಾಲದಿಂದ ಬೆಂಕಿಗೂ ಯುದ್ಧಕ್ಕೂ ಸಿಗದೆ ಉಳಿದುಬಂದ ಐದಂತಸ್ತಿನ ಮರದ ಕಟ್ಟಡ. ಭೂಕಂಪದಲ್ಲಿ ಬೀಳದಿದ್ದರೂ ವಾಲಿತ್ತು. ಈಗ ದೊಡ್ಡ ತಗಡಿನ ಮನೆಯೊಂದರೊಳಗೆ ಅದನ್ನು ಬಿಚ್ಚಿ ದುರಸ್ತಿ ಮಾಡುತ್ತಿದ್ದಾರೆ. 2032ರ ಹೊತ್ತಿಗೆ ಮುಗಿಸುವ ಗುರಿ ಇದೆ. ಅಂದರೆ ಸದ್ಯ ಅದರ ಹೊದಿಕೆ ಮಾತ್ರ ಕಾಣುತ್ತದೆ, ನಿರಾಸೆ ಬೇಡ. ಪಕ್ಕದಲ್ಲೇ ಕಿಯೊಮಾಸನನ್ನು ದೇವರೆಂದು ಪೂಜಿಸುವ ಕತೊ ಗುಡಿ. ಗೋಪುರ ಅಡ್ಡಿಯಿಲ್ಲದೆ ಅತಿ ಹತ್ತಿರದಿಂದ ಕಾಣುವುದು ಅದರ ಅಂಗಳದಿಂದ. ಅಲ್ಲಿಗೂ, ಆಚೆಯ ನಿನೊಮಾರು ಹುಲ್ಲುಗಾವಲಿಗೂ ಟಿಕೆಟ್ ಬೇಡ.

ದಾರಿ, ಊಟ, ಕಾಲ

ಫುಕುವೊಕಾದ ಹಕಾತಾ ನಿಲ್ದಾಣದಿಂದ ಶಿಂಕಾನ್ಸೆನ್ ರೈಲಿನಲ್ಲಿ 40 ನಿಮಿಷ ಆಸುಪಾಸು. ಒಸಾಕಾದಿಂದ ನೇರ ರೈಲಿದೆ, ಮೂರು ಗಂಟೆ ಚಿಲ್ಲರೆ. ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಆದರೆ ಕುಮಾಮೊತೊಗೆ ಹೆಚ್ಚು ವಿಮಾನಗಳು ಹೊರಡುವುದು ಹನೇದಾದಿಂದ. ಎರಡರ ನಡುವೆ ಓಡಾಡಲು ಸಾಕಷ್ಟು ಸಮಯ ಬಿಟ್ಟುಕೊಂಡೇ ಟಿಕೆಟ್ ಮಾಡಿಸಿ.

ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ ಚೆರಿ ಹೂವಿನ ಕಾಲ, ಜನವೂ ಜಾಸ್ತಿ. ನವೆಂಬರಿನಲ್ಲಿ ಗಿಂಕೊ ಹಳದಿಯಾಗುತ್ತದೆ, ಹವೆಯೂ ಹಿತ. ಜೂನ್‌ನಿಂದ ಜುಲೈ ನಡುವಿನವರೆಗೆ ಬಿಡದೆ ಮಳೆ. ಆಮೇಲಿನ ಸೆಖೆಯಲ್ಲಿ ಆ ತೆರೆದ ಕಾಲುಹಾದಿಯ ಮೇಲೆ ನಡೆಯುವುದು ಕಷ್ಟ.

ಸಸ್ಯಾಹಾರಿಗಳು ಮುಂಚೆಯೇ ತಿಳಿದಿರಬೇಕಾದ್ದು, ಊರಿನ ಹೆಸರಾಂತ ತಿನಿಸು ಕುದುರೆಯ ಹಸಿ ಮಾಂಸ, ಇಲ್ಲಿನ ರಾಮೆನ್ ಹಂದಿಯ ಮೂಳೆಯ ಸಾರಿನದ್ದು. ತರಕಾರಿ ಸಾರೆಂದು ಕೊಟ್ಟದ್ದರಲ್ಲೂ ಒಣಮೀನಿನ ‘ದಾಶಿ’ ಇರುತ್ತದೆ. ಹಾಗೆಂದು ಉಪವಾಸ ಬೀಳಬೇಕಿಲ್ಲ. ‘ಇಕಿನಾರಿ ದಾಂಗೊ’ ಎಂಬುದು ಗೆಣಸಿನ ಬಿಲ್ಲೆ ಮತ್ತು ಕೆಂಪು ಅವರೆಯ ಸಿಹಿ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ, ನಮ್ಮ ಸಿಹಿ ಕಡುಬಿನಂಥ ತಿಂಡಿ. ಬಿಸಿಬಿಸಿ ಸಿಗುವುದು ಕೋಟೆಯ ಬುಡದ ಜೋಸೈಎನ್ ಅಂಗಡಿ ಸಾಲಿನಲ್ಲಿ. ‘ಕರಾಶಿ ರೆಂಕೊನ್’ ಇನ್ನೊಂದು. ತಾವರೆ ದಂಟಿನ ತೂತುಗಳಿಗೆ ಸಾಸಿವೆ–ಮಿಸೊ ತುಂಬಿ, ಹಳದಿ ಹಿಟ್ಟಿನಲ್ಲಿ ಅದ್ದಿ ಕರಿದದ್ದು, ಖಾರ ಸೀದಾ ಮೂಗಿಗೆ ಏರುತ್ತದೆ. ಹಿಟ್ಟಿನಲ್ಲಿ ಮೊಟ್ಟೆ ಇದೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಅದೇ ಸಾಲಿನಲ್ಲಿ ವಾಕುವಾಕು–ಜಾ ಎಂಬ ಪ್ರದರ್ಶನಾಲಯವಿದೆ. ಮಕ್ಕಳಿದ್ದರೆ ಅಲ್ಲಿ ಒಂದು ಗಂಟೆ ಬೇಕು. ಕೋಟೆಯ ದುರಸ್ತಿಗೆ ಕೈಜೋಡಿಸುವ ದಾರಿಯೂ ಇದೆ: 10,000 ಯೆನ್ ದೇಣಿಗೆ ಕೊಟ್ಟವರನ್ನು ‘ಮರುನಿರ್ಮಾಣದ ಕೋಟೆಯೊಡೆಯ’ರೆಂದು ಕರೆದು ಪ್ರಮಾಣಪತ್ರ ಕೊಡುವ ಯೋಜನೆ 2016ರಿಂದಲೇ ನಡೆದಿದೆ.

ಯಾವ ಹಾದಿ ತೆರೆದಿದೆ, ಯಾವುದು ಮುಚ್ಚಿದೆ ಎನ್ನುವುದು ಕೆಲಸ ಸಾಗಿದಂತೆ ಬದಲಾಗುತ್ತಿರುತ್ತದೆ. ಹೊರಡುವ ವಾರ ಕೋಟೆಯ ಅಧಿಕೃತ ತಾಣ ನೋಡಿ ದರ ಮತ್ತು ಸಮಯವನ್ನೂ ಖಚಿತ ಮಾಡಿಕೊಳ್ಳಿ. ಇನ್ನೂ ಒಂದು ದಿನ ಇದ್ದರೆ ಕುಮಾಮೊತೊದಿಂದ ರೈಲು ಹಿಡಿದು ಅಸೊಗೆ ಹೋಗಿಬನ್ನಿ. ಜ್ವಾಲಾಮುಖಿಗಾಗಿ ಎಲ್ಲರೂ ಹೋಗುತ್ತಾರೆ. ನೀವು ಮಿಯಾಜಿ ನಿಲ್ದಾಣದ ಹತ್ತಿರದ ಅಸೊ ಗುಡಿಯನ್ನೂ ನೋಡಿ. ಅದರ ಎರಡಂತಸ್ತಿನ ಮರದ ಹೆಬ್ಬಾಗಿಲು ಅದೇ ಭೂಕಂಪದಲ್ಲಿ ನೆಲಕ್ಕೊರಗಿತ್ತು. ಹಳೆಯ ಮರದ ಬಹುಭಾಗವನ್ನು ಉಳಿಸಿಕೊಂಡು ಮತ್ತೆ ಜೋಡಿಸಿದ್ದು 2023ರ ಡಿಸೆಂಬರಿನಲ್ಲಿ ಮುಗಿಯಿತು. ಹೊಸ ಮರ ಎಲ್ಲಿ ಸೇರಿಸಿದ್ದಾರೆಂದು ಹತ್ತಿರ ಹೋದರೆ ಬಣ್ಣದಿಂದಲೇ ಗೊತ್ತಾಗುತ್ತದೆ.